ತಲೆನೋವು ಅಂತ ಹೋದೆ, ಚೆನ್ನಾಗಿದ್ದ ನಾಲ್ಕು ಹಲ್ಲು ತೇಯ್ದು ಕಳಿಸಿದರು

ದವಡೆ ನೋವು, ಜೊತೆಗೆ ತಲೆನೋವು ಇರುವವರು ದಯವಿಟ್ಟು ಓದಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ, ಆದರೂ ಹೇಳುತ್ತೇನೆ.

ಒಂದು ವರ್ಷದಿಂದ ಬೆಳಿಗ್ಗೆ ಏಳುವಾಗಲೇ ಕಣತಲೆ ನೋವು. ಚಪಾತಿ ಅಗಿದರೆ ಕಿವಿ ಮುಂದೆ ಟಕ್ ಅಂತ ಸದ್ದು. ಕಣ್ಣಿನ ಡಾಕ್ಟರ್ ಆಯಿತು, ಸೈನಸ್ ಅಂತ ಎಕ್ಸ್‌ರೇ ಆಯಿತು. ಕೊನೆಗೆ ಬೆಂಗಳೂರಿನ ನಮ್ಮ ಮನೆ ಹತ್ತಿರದ ಒಂದು ಡೆಂಟಲ್ ಕ್ಲಿನಿಕ್‌ಗೆ ಹೋದೆ.

"ನಿಮ್ಮ ಬೈಟ್ ಸರಿ ಇಲ್ಲ ಮೇಡಂ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸರಿಯಾಗಿ ಕೂರ್ತಿಲ್ಲ. ತಲೆನೋವು, ಕತ್ತು ನೋವು, ನಿದ್ದೆ ಬರದಿರೋದು, ಗ್ಯಾಸ್ಟ್ರಿಕ್, ಎಲ್ಲ ಅದರಿಂದಲೇ." ವರ್ಷವಿಡೀ ಯಾರೂ ಕಾರಣ ಹೇಳದೆ ಒದ್ದಾಡಿದವಳಿಗೆ ಒಬ್ಬರು ಎಲ್ಲದಕ್ಕೂ ಒಂದೇ ಕಾರಣ ಹೇಳಿದರೆ ನಂಬದೆ ಇರೋಕೆ ಆಗುತ್ತಾ? ಹಲ್ಲು ತೇಯ್ದು ಮೇಲೆ ಕ್ಯಾಪ್ ಹಾಕೋ ಪ್ಯಾಕೇಜ್ 1,60,000 ರೂಪಾಯಿ. ಅಡ್ವಾನ್ಸ್ 40,000 ಅಲ್ಲೇ ಕೂತು ಫೋನ್‌ನಲ್ಲಿ ಕಳಿಸಿದೆ. ನೀಲಿ ಕಾಗದ ಕಚ್ಚಿಸಿದರು, ಗುರುತು ಬಿದ್ದ ಕಡೆ ತೇಯ್ದರು. ಮತ್ತೆ ಕಚ್ಚಿ ಅಂದರು, ಮತ್ತೆ ತೇಯ್ದರು. ಬಾಯಿ ತುಂಬ ಸುಟ್ಟ ವಾಸನೆ. ಹುಳುಕಿಲ್ಲದ ನಾಲ್ಕು ಹಲ್ಲು!

ಎರಡು ವಾರವಾದರೂ ನೋವು ಹೋಗಲಿಲ್ಲ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಎಲ್ಲಿ ಕೂರಬೇಕು ಅನ್ನೋದೇ ತಿಳಿಯದ ಹಾಗಾಯಿತು. ಕೇಳಿದರೆ "ಬಾಡಿ ಅಡ್ಜಸ್ಟ್ ಆಗೋಕೆ ಟೈಮ್ ಬೇಕು ಮೇಡಂ." ಮತ್ತೆ ಕೇಳಿದರೆ "ನೀವು ಜಾಸ್ತಿ ಟೆನ್ಷನ್ ಮಾಡ್ಕೊಳ್ತೀರ, ಅದಕ್ಕೇ ನೋವು." ಮೊದಲ ದಿನ ಬೈಟ್, ಈಗ ಟೆನ್ಷನ್! ದುಡ್ಡು ವಾಪಸ್ ಕೇಳಿದೆ. "ಕ್ಯಾಪ್ ಲ್ಯಾಬ್‌ಗೆ ಹೋಗಿಬಿಟ್ಟಿದೆ" ಅಂದರು. ಕ್ಯಾಪ್‌ಗೆ ಅಳತೆಯನ್ನೇ ತೆಗೆದಿರಲಿಲ್ಲ.

ಅಕ್ಕ ಚೆನ್ನಾಗಿ ಬೈದು ಸರ್ಕಾರಿ ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ (ಬಾಯಿ, ದವಡೆ ತೊಂದರೆ ನೋಡುವ) ವಿಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರ್ ಎರಡೂ ಕಣತಲೆ ಮೇಲೆ ಬೆರಳಿಟ್ಟು "ಗಟ್ಟಿಯಾಗಿ ಹಲ್ಲು ಕಚ್ಚಿ" ಅಂದರು. ಬೆರಳಿನ ಕೆಳಗೆ ಸ್ನಾಯು ಉಬ್ಬಿತು. ದವಡೆ ಎತ್ತೋ ಸ್ನಾಯು ಅದು, ಅಲ್ಲೀವರೆಗೂ ಇರುತ್ತದೆ. ಅಲ್ಲೇ ಒತ್ತಿದರು. "ದಿನಾ ಬರೋದು ಇದೇ ನೋವಾ?" ಇದೇ, ಥೇಟ್ ಇದೇ! ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ, ರಾತ್ರಿಯೆಲ್ಲ ದುಡಿದ ಸ್ನಾಯು ಬೆಳಿಗ್ಗೆ ನೋಯುತ್ತಿತ್ತು. ನನಗೆ ಅಲ್ಲೇ ಅಳು ಬಂತು. 40,000 ತೆಗೆದುಕೊಂಡವರು ಆ ಜಾಗ ಒಂದು ಸಲ ಮುಟ್ಟಿಯೂ ನೋಡಿರಲಿಲ್ಲ.

ಕೊಟ್ಟದ್ದು ಬಿಸಿ ಶಾಖ, ಮೆತ್ತಗಿನ ಊಟ, ದವಡೆ ವ್ಯಾಯಾಮ, ರಾತ್ರಿ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳೋ ಕವಚ, ನೈಟ್ ಗಾರ್ಡ್. ನಿದ್ದೆಗೂ ಚಿಂತೆಗೂ ಕತ್ತು ನೋವಿಗೂ ದವಡೆಗೂ ನಂಟು ಇದೆ ಅಂತ ಇವರೂ ಹೇಳಿದರು. ಆದರೆ ಹಲ್ಲು ತೇಯ್ದರೆ ಅವೆಲ್ಲ ಹೋಗುತ್ತವೆ ಅನ್ನೋಕೆ ಆಧಾರ ಇಲ್ಲವಂತೆ. ತೇಯ್ದ ಎನಾಮಲ್ ಮಾತ್ರ ಮತ್ತೆ ಬೆಳೆಯಲ್ಲ.

ಮೊದಲ ದಿನವೇ ಹಲ್ಲಿಗೆ ಮಿಷನ್ ಹಿಡಿದರೆ ಕುರ್ಚಿಯಿಂದ ಎದ್ದು ಬನ್ನಿ. ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ದುಡ್ಡು ಕೊಡಬೇಡಿ. ನೋವಿಲ್ಲದೆ ಬರೀ ಟಕ್ ಅನ್ನುತ್ತಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಕಾಗಲ್ಲ, ಯಾರಾದರೂ ಹೆದರಿಸಿದರೆ ಹೆದರಬೇಡಿ.

ತಲೆನೋವು ಈಗ ಕಡಿಮೆ. ಆದರೆ ಎಡಗಡೆ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ನಿನ್ನೆ ಆ ಕ್ಲಿನಿಕ್‌ನಿಂದ ಮೆಸೇಜ್ ಬಂದಿದೆ, "ಉಳಿದ ಪೇಮೆಂಟ್ ಯಾವಾಗ ಮಾಡ್ತೀರ ಮೇಡಂ?"