ಒತ್ತಡದ ಹಸಿವಿಗೆ ವ್ಯಾಯಾಮದ ಆ್ಯಪ್: ಬಳಕೆದಾರರ ವಿಮರ್ಶೆ

ಮಾನಸಿಕ ಒತ್ತಡ ಮುಂದುವರಿದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರಿ, ಹೊಟ್ಟೆ ತುಂಬಿದ್ದರೂ ಸಿಹಿ ಮತ್ತು ಜಿಡ್ಡಿನ ತಿನಿಸುಗಳತ್ತ ಕೈ ಹೋಗುವುದುಂಟು; ಈ ಚಪಲಕ್ಕೆ ವ್ಯಾಯಾಮದ ಮೂಲಕ ಕಡಿವಾಣ ಹಾಕಲು ರೂಪಿಸಿದ ಆ್ಯಪ್ ಒಂದನ್ನು ಕೆಲಕಾಲದಿಂದ ಬಳಸುತ್ತಿದ್ದೇನೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ತೀವ್ರತೆಯ ಚಟುವಟಿಕೆ ಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ ಇದಕ್ಕೆ ಆಧಾರ. ನನಗೆ ಹಿಡಿಸಿದ್ದು ‘ತಿನ್ನಬೇಕೆನಿಸುತ್ತಿದೆ’ ಎಂಬ ಗುಂಡಿ: ಒತ್ತಿದೊಡನೆ, ಯಾವ ಉಪದೇಶವೂ ಇಲ್ಲದೆ, ಚುರುಕು ನಡಿಗೆಯ ಟೈಮರ್ ಶುರುವಾಗುತ್ತದೆ, ಅದು ಮುಗಿಯುವಷ್ಟರಲ್ಲಿ ನನ್ನ ಚಪಲ ಬಹುಪಾಲು ಇಳಿದಿರುತ್ತದೆ. ಆದರೆ ನಡಿಗೆ ಮುಗಿದ ಕೂಡಲೇ, ಕರಗಿದ ಕ್ಯಾಲೊರಿಗಳ ಲೆಕ್ಕವನ್ನು ದಪ್ಪಕ್ಷರಗಳಲ್ಲಿ ತೋರಿಸುವುದು ಅವಿವೇಕ. ‘ಇಷ್ಟು ಬೆವರು ಸುರಿಸಿದ್ದೇನೆ, ಒಂದಿಷ್ಟು ತಿಂದರೇನು’ ಎಂಬ ನೆಪವನ್ನು ಅದೇ ಒದಗಿಸಿಕೊಡುತ್ತದೆ. (ನೆಪ ಹುಡುಕುವುದನ್ನು ಮನಸ್ಸಿಗೆ ಯಾರೂ ಕಲಿಸಬೇಕಿಲ್ಲ.) ಸೆಟ್ಟಿಂಗ್ಸ್‌ನಲ್ಲಿ ಆ ಲೆಕ್ಕವನ್ನು ಮರೆಮಾಡಿಕೊಂಡು ಬಳಸುವವರಿಗೆ ಈ ಆ್ಯಪ್ ಖಂಡಿತ ಉಪಯುಕ್ತ.