ಎರಡೇ ಗುಂಡಿಯ ಮೈಕ್ರೋವೇವ್: ಬಹಳ ಕಾಲ ಬಳಸಿದ ಮೇಲೆ ನನ್ನ ಅನಿಸಿಕೆ

ಲೀಟರ್, ವ್ಯಾಟ್, ಬಣ್ಣ ಎಲ್ಲವೂ ಡಬ್ಬದ ಮೇಲೇ ಇರುತ್ತದೆ, ನೋಡಿಕೊಳ್ಳಿ. ನಾನು ಬರೆಯುತ್ತಿರುವುದು ಇದರ ಎರಡು ಗುಂಡಿಗಳ ಬಗ್ಗೆ. ಮೇಲಿನದು ಪವರ್, ಕೆಳಗಿನದು ಟೈಮರ್. ಅಷ್ಟೇ. ಪರದೆ ಇಲ್ಲ, ಗಡಿಯಾರ ಇಲ್ಲ, ಸ್ಟಾರ್ಟ್ ಬಟನ್ ಕೂಡ ಇಲ್ಲ.

ಇದಕ್ಕೆ ಮುಂಚೆ ನಮ್ಮಲ್ಲಿದ್ದದ್ದು ಟಚ್ ಪ್ಯಾನಲ್‌ನ ದುಬಾರಿ ಮಾಡೆಲ್. ಒಂದು ಲೋಟ ಹಾಲು ಬಿಸಿ ಮಾಡಲು ಮೊದಲು ಮೋಡ್, ಆಮೇಲೆ ಪವರ್, ಆಮೇಲೆ ಸಮಯ, ಕೊನೆಗೆ ಸ್ಟಾರ್ಟ್. ಒದ್ದೆ ಕೈಯಲ್ಲಿ ಮುಟ್ಟಿದರೆ ಎಷ್ಟೋ ಸಲ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನಡುವೆ ಒಂದು ನಿಮಿಷ ಕಡಿಮೆ ಮಾಡಬೇಕೆಂದರೆ ನಿಲ್ಲಿಸಿ, ಅಳಿಸಿ, ಮತ್ತೆ ಮೊದಲಿಂದ. ಹತ್ತಾರು ಮೆನು ಇದ್ದವು, ನಾವು ಮುಟ್ಟಿದ್ದು ಒಂದನ್ನೇ. ಅದು ಕೆಟ್ಟಾಗ ರಿಪೇರಿಗೆ ಕೇಳಿದ ದುಡ್ಡು ಜಾಸ್ತಿಯಾಯಿತು. ಸದ್ಯಕ್ಕೆ ಅಗ್ಗದ್ದು ಸಾಕು ಎಂದು ಇದನ್ನು ತಂದೆವು.

ತಂದ ಮೇಲೆ ಇಷ್ಟು ಹಿಡಿಸುತ್ತದೆ ಅಂದುಕೊಂಡಿರಲಿಲ್ಲ. ಟೈಮರ್ ತಿರುಗಿಸುವಾಗ ಒಳಗೆ ಬಿಗಿಯಾಗುವುದು ಬೆರಳಿಗೆ ತಿಳಿಯುತ್ತದೆ. ಕೈ ಬಿಟ್ಟ ತಕ್ಷಣ ಟಿಕ್ ಟಿಕ್ ಶುರು. ಗುಂಡಿಯ ಮೇಲಿನ ಬಿಳಿ ಗೆರೆ ನಿಧಾನವಾಗಿ ಸೊನ್ನೆಯ ಕಡೆಗೆ ಜಾರುತ್ತದೆ. ಇನ್ನೆಷ್ಟು ಹೊತ್ತು ಅಂತ ದೂರದಿಂದಲೇ ಕಾಣುತ್ತದೆ, ಅಂಕಿ ಓದುವುದೇ ಬೇಡ. ಬೇಗ ಬಿಸಿಯಾಯಿತು ಅನ್ನಿಸಿದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿದರಾಯಿತು. ಕೊನೆಗೆ ಒಂದೇ ಸಲ ಟಿಂಗ್. ಹಳೆಯದು ಬಾಗಿಲು ತೆಗೆಯುವವರೆಗೂ ಕೂಗುತ್ತಿತ್ತು.

ಪವರ್ ಅರ್ಧಕ್ಕೆ ಇಟ್ಟಾಗ ಗುಂಯ್ ಸದ್ದು ಸ್ವಲ್ಪ ಹೊತ್ತು ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಂಥ ಸಾಧಾರಣ ಮಾಡೆಲ್‌ಗಳಲ್ಲಿ ಮ್ಯಾಗ್ನೆಟ್ರಾನ್, ಅಂದರೆ ಮೈಕ್ರೋವೇವ್ ಅಲೆ ಹುಟ್ಟಿಸುವ ಭಾಗ, ಓಡಿದರೆ ಪೂರ್ತಿ ಪವರ್‌ನಲ್ಲೇ ಓಡುವುದು. ಅರ್ಧ ಪವರ್ ಅಂದರೆ ಅರ್ಧ ಹೊತ್ತು ಓಡಿ, ಅರ್ಧ ಹೊತ್ತು ಸುಮ್ಮನಿರುವುದು. ಇದು ಗೊತ್ತಾದ ಮೇಲೆ ಆ ಸದ್ದು ಕೇಳಿದರೇ ಸಾಕು, ಯಾವ ಪವರ್‌ನಲ್ಲಿದೆ ಎಂದು ಹೇಳಬಹುದು.

ವಸ್ತುಗಳ ವಿನ್ಯಾಸದ ಬಗ್ಗೆ 1980ರ ದಶಕದಿಂದ ಬರೆಯುತ್ತಾ ಬಂದಿರುವ ಡಾನ್ ನಾರ್ಮನ್ ಒತ್ತಿ ಹೇಳುವುದೂ ಇದನ್ನೇ. ಬಳಸುವವರು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದನ್ನು ವಸ್ತುವೇ ಹೊರಗೆ ತೋರಿಸಿದರೆ ನೆನಪಿನ ಹೊರೆ ಇಳಿಯುತ್ತದೆ.

ಅದೇ ಅಳತೆಗೋಲು ಹಿಡಿದರೆ ಇದರ ದೊಡ್ಡ ತಪ್ಪೂ ಕಾಣುತ್ತದೆ. ಅಮ್ಮನಿಗೆ ಟಿಂಗ್ ಅನ್ನುವವರೆಗೆ ಕಾಯುವ ತಾಳ್ಮೆ ಇಲ್ಲ. ಎರಡು ನಿಮಿಷ ಬಾಕಿ ಇರುವಾಗಲೇ ಬಾಗಿಲು ತೆಗೆದು ಲೋಟ ಎತ್ತಿಕೊಳ್ಳುತ್ತಾರೆ, ಬಾಗಿಲು ಹಾಕುತ್ತಾರೆ. ಹಾಕಿದ ಕೂಡಲೇ ಓವನ್ ಖಾಲಿ ಓಡತೊಡಗುತ್ತದೆ! ಒಳಗೆ ಹೀರಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ ಆ ಶಕ್ತಿ ಮ್ಯಾಗ್ನೆಟ್ರಾನ್ ಕಡೆಗೇ ವಾಪಸ್ ಹೋಗುತ್ತದೆ, ಅದು ಹಾಳಾಗಬಹುದು. ಟೈಮರನ್ನು ಸೊನ್ನೆಗೆ ತನ್ನಿ ಎಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಲೋಟ ಕೈಗೆ ಬಂದ ಮೇಲೆ ಕೆಲಸ ಮುಗಿಯಿತಲ್ವಾ? ಆಮೇಲೆ ಇನ್ನೊಂದು ಕೆಲಸ ಇದೆ ಎಂದು ಯಾರಿಗೆ ನೆನಪಿರುತ್ತದೆ? ಸ್ಟಾರ್ಟ್ ಬಟನ್ ತೆಗೆದು ಒಂದು ಬಟನ್ ಕಡಿಮೆ ಮಾಡಿದ್ದಾರೆ, ನಮ್ಮ ತಲೆಗೆ ಒಂದು ಕೆಲಸ ಸೇರಿಸಿದ್ದಾರೆ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಬಟನ್ ಕಡಿಮೆ ಇದ್ದ ಮಾತ್ರಕ್ಕೆ ಸುಲಭ ಅಲ್ಲ.

ಇನ್ನೊಂದು ತಕರಾರು: ಎರಡೂ ಗುಂಡಿ ಒಂದೇ ಗಾತ್ರ, ಒಂದೇ ಆಕಾರ. ಕನ್ನಡಕ ಇಲ್ಲದಾಗ ಅಮ್ಮ ಟೈಮರ್ ಅಂದುಕೊಂಡು ಪವರ್ ತಿರುಗಿಸುತ್ತಾರೆ. ಇದು ಹೊಸ ಸಮಸ್ಯೆಯೇನಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಬಿ-17 ಬಾಂಬರ್‌ಗಳಲ್ಲಿ ಚಕ್ರದ ಸ್ವಿಚ್, ಫ್ಲಾಪ್‌ನ (ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗುವ ಪಟ್ಟಿ) ಸ್ವಿಚ್ ಎರಡೂ ಅಕ್ಕಪಕ್ಕ ಇದ್ದವು, ನೋಡಲೂ ಒಂದೇ ಥರ. ನೆಲಕ್ಕಿಳಿದ ಮೇಲೆ ಪೈಲಟ್‌ಗಳು ಫ್ಲಾಪ್ ಬದಲು ಚಕ್ರವನ್ನೇ ಒಳಗೆ ಎಳೆದುಬಿಡುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಒಂದಕ್ಕೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಫ್ಲಾಪ್ ಆಕಾರದ ತುಂಡು ಅಂಟಿಸುವ ದಾರಿ ತೋರಿಸಿದರು. ಮುಟ್ಟಿದರೇ ಯಾವುದು ಅಂತ ತಿಳಿಯುತ್ತಿತ್ತು.

ನಾನೂ ಅದನ್ನೇ ಮಾಡಿದೆ. ಟೈಮರ್ ಗುಂಡಿಗೆ ದಪ್ಪನೆಯ ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಿದೆ. ಹಿಡಿತವೂ ಚೆನ್ನಾಗಿದೆ, ಅಮ್ಮನ ಬೆರಳು ಈಗ ನೇರವಾಗಿ ಅಲ್ಲಿಗೇ ಹೋಗುತ್ತದೆ. ಪವರ್ ಗುಂಡಿಯನ್ನು ಯಾರೂ ಸುಮ್ಸುಮ್ನೆ ಮುಟ್ಟುವುದಿಲ್ಲ. ಬಾಗಿಲಿನ ಸಮಸ್ಯೆಗೆ ಮಾತ್ರ ಇಷ್ಟು ಸುಲಭದ ಉಪಾಯ ಸಿಕ್ಕಿಲ್ಲ. ಒಳಗೆ ಒಂದು ಲೋಟ ನೀರು ಇಟ್ಟೇ ಬಾಗಿಲು ಹಾಕುತ್ತೇವೆ, ಅಕಸ್ಮಾತ್ ಓಡಿದರೂ ನೀರು ಬಿಸಿಯಾಗುತ್ತದೆ ಅಷ್ಟೇ.

ಸಣ್ಣದೊಂದು ವಿಷಯ: ಎರಡು ನಿಮಿಷಕ್ಕಿಂತ ಕಡಿಮೆ ಬೇಕಿದ್ದರೆ ಗುಂಡಿಯನ್ನು ಎರಡು ದಾಟಿಸಿ ಹಿಂದಕ್ಕೆ ತರಬೇಕು. ಆಗಲೂ ಹತ್ತಿಪ್ಪತ್ತು ಸೆಕೆಂಡ್ ಹೆಚ್ಚುಕಡಿಮೆ ಆಗಬಹುದು. ಬೆಣ್ಣೆ ಕರಗಿಸುವಂಥ ಲೆಕ್ಕದ ಕೆಲಸ ಜಾಸ್ತಿ ಇರುವವರಿಗೆ ಇದು ಬೇಡ.

ಬಿಸಿ ಮಾಡುವುದಷ್ಟೇ ಇದ್ದರೆ, ಮನೆಯಲ್ಲಿ ವಯಸ್ಸಾದವರಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಪೂರ್ತಿ ಆ ಬಾಗಿಲಿನದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಕಣ್ಣು ಮುಚ್ಚಿ ಎರಡೂ ಗುಂಡಿ ಮುಟ್ಟಿ ನೋಡಿ. ಟೈಮರ್ ಇಟ್ಟು ಬಾಗಿಲು ತೆಗೆದು ಹಾಕಿದರೆ ಏನಾಗುತ್ತದೆ ಎಂದೂ ಕೇಳಿ.