ಗಂಜಿನ ತಿರುವಿನಲ್ಲಿ ನಿಂತ ನಡುಕ: ಮೋಟುಲ್ ಗೇರ್ 300 ಎಲ್‌ಎಸ್

ಮೋಟುಲ್ ಕಂಪನಿಯ ಗೇರ್ 300 ಎಲ್‌ಎಸ್ ಎಂಬ ಗೇರ್ ಎಣ್ಣೆ ಹಾಕಿದ ಮೇಲೆ ನನ್ನ ಹಳೆಯ ಪಿಕಪ್ಪಿನ ಹಿಂಭಾಗ ತಿರುವಿನಲ್ಲಿ ನಡುಗುವುದಿಲ್ಲ. ಆ ಖುಷಿಗೇ ಬರೆಯುತ್ತಿದ್ದೇನೆ. ಮೊದಲು ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ನೆಹರು ಗಂಜಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಸಾಕು, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೂಡಿನಿಂದ ಗುಡುಗುಡು ಸದ್ದು ಬಂದು ಸೀಟಿನವರೆಗೂ ಅದುರುತ್ತಿತ್ತು. ಗ್ಯಾರೇಜಿನವರು ಅದರೊಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್, ಬದಲಿಸಬೇಕೆಂದು ದೊಡ್ಡ ಪಟ್ಟಿ ಕೊಟ್ಟರು. ಕ್ರೌನ್ ನೆಟ್ಟಗಿತ್ತು, ಅವರೇ ಸುರಿದಿದ್ದ ಮಾಮೂಲಿ ಎಣ್ಣೆ ಈ ಗಾಡಿಗೆ ಸಲ್ಲುವಂಥದ್ದಾಗಿರಲಿಲ್ಲ.

ನನ್ನ ಗಾಡಿಯದು ಲಿಮಿಟೆಡ್ ಸ್ಲಿಪ್ (ಎಲ್‌ಎಸ್) ಡಿಫರೆನ್ಷಿಯಲ್, ಅದರೊಳಗೆ ಕ್ಲಚ್ ಪ್ಲೇಟುಗಳಿವೆ. ಮಳೆಗಾಲದ ಎರೆಮಣ್ಣಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದರೆ ಇನ್ನೊಂದಕ್ಕೆ ಬಲ ದಾಟಿಸುವುದು ಅವೇ. ತಿರುವಿನಲ್ಲಿ ಮಾತ್ರ ಅವು ಒಂದರ ಮೇಲೊಂದು ನುಣ್ಣಗೆ ಜಾರಬೇಕು. ಅದಕ್ಕೆಂದೇ ಎಣ್ಣೆಯಲ್ಲಿ ಫ್ರಿಕ್ಷನ್ ಮಾಡಿಫೈಯರ್ ಎಂಬ, ತಿಕ್ಕಾಟವನ್ನು ಹದಗೊಳಿಸುವ ಬೆರಕೆ ಬೇಕು. ಇಲ್ಲವಾದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಗೇರ್ 300 ಎಲ್‌ಎಸ್‌ನಲ್ಲಿ ಅದು ಮೊದಲೇ ಬೆರೆತಿದೆ, ಬೇರೆ ಸೀಸೆ ತಂದು ಸೇರಿಸುವುದು ಬೇಡ. ಅತಿಯಾದರೆ ಪ್ಲೇಟುಗಳು ಹಿಡಿಯುವುದನ್ನೇ ಬಿಡುತ್ತವೆ. ಡಬ್ಬಿಯ ಮೇಲೆ ‘ಎಲ್‌ಎಸ್’ ಅಕ್ಷರಗಳನ್ನು ಕಣ್ಣಾರೆ ನೋಡಿಯೇ ಹಣ ಕೊಡಿ. ಬರೀ ‘ಗೇರ್ 300’ ಎಂದಿರುವುದು ಬೇರೆ ಎಣ್ಣೆ.

ಬದಲಿಸುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಗಾಡಿ ಒಂದಿಷ್ಟು ಓಡಿ ಎಣ್ಣೆ ಬೆಚ್ಚಗಾಗಿರಬೇಕು. ಮೊದಲು ತುಂಬುವ ಪ್ಲಗ್ಗನ್ನೇ ಬಿಚ್ಚಬೇಕು. ಅದು ತುಕ್ಕು ಹಿಡಿದು ಕದಲದಿದ್ದರೆ, ಕೆಳಗಿನದನ್ನು ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಹೊಸದನ್ನು ತುಂಬಲಾಗದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹಳೆಯ ಎಣ್ಣೆ ಗಂಧಕದ ಘಾಟು ಹೊಡೆಯುತ್ತಾ ಇಳಿಯುತ್ತದೆ. ಆಯಸ್ಕಾಂತದ ಪ್ಲಗ್ಗಿಗೆ ಅಂಟಿದ ಬೂದು ಕೆಸರನ್ನು ಬೆರಳ ನಡುವೆ ತಿಕ್ಕಿ ನೋಡುತ್ತೇನೆ. ನುಣುಪಾಗಿದ್ದರೆ ಸಹಜ ಸವೆತ, ಚೂರು ಸಿಕ್ಕರೆ ಚಿಂತೆ. ಬಟ್ಟೆಯಿಂದ ಒರೆಸಿ, ಹೊಸ ವಾಷರ್ ಹಾಕಿ ಬಿಗಿದು, ಕೈಪಂಪಿನಿಂದ ತೂತಿನ ಅಂಚಿಗೆ ಬಂದು ತುಳುಕುವವರೆಗೆ ಎಣ್ಣೆ ತುಂಬುತ್ತೇನೆ. ಆಮೇಲೆ ಹೊಲದ ಕಣದಲ್ಲಿ ಹಂತಿ ಎತ್ತುಗಳ ನಡಿಗೆಯಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕುತ್ತೇನೆ. ಎಣ್ಣೆ ಪ್ಲೇಟುಗಳ ಸಂದಿಗೆ ಇಳಿಯುವುದು ಹಾಗೆಯೇ. ಸುತ್ತು ಹಾಕುತ್ತಿದ್ದಂತೆ ಅದುರು ಕರಗಿ ಟಯರಿನ ಕೆಳಗಿನ ಹೊಟ್ಟಿನ ಚರಚರ ಕೇಳಿಸಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಬೆಲೆ ಮಾತ್ರ ಹೊಟ್ಟೆ ಉರಿಸುತ್ತದೆ. ಇದರ ದರ್ಜೆ 75ಡಬ್ಲ್ಯು-90. 75ಡಬ್ಲ್ಯು ಎಂದರೆ ಮೈನಸ್ 40 ಡಿಗ್ರಿಯಲ್ಲೂ ಹರಿಯುವ ಗುಣ, 90 ಎಂದರೆ ಕಾದಾಗಿನ ದಪ್ಪ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಊರಿನಲ್ಲಿ ಆ ಗುಣಕ್ಕೆ ಏಕೆ ಹಣ ತೆರಬೇಕು? ನಮಗೆ ಬೇಕಾದದ್ದು ಕೊನೆಯ 90. ಹೊಲಕ್ಕೂ ಊರೊಳಗೂ ಓಡಿಸುವವರಿಗೆ ಅದೇ ಕಂಪನಿಯ ಮಿನರಲ್ ಎಣ್ಣೆ 90 ಪಿಎ ಸಾಕು, ಅದೂ ಇಂಥ ಡಿಫರೆನ್ಷಿಯಲ್‌ಗೇ ಮಾಡಿದ್ದು. ನನ್ನ ಗಾಡಿ ಬಿರುಬೇಸಿಗೆಯಲ್ಲಿ ಹೇರು ಹೊತ್ತು ಹೈದರಾಬಾದಿನವರೆಗೆ ಓಡುತ್ತದೆ. ಅಂಥ ಕಾವಿನಲ್ಲಿ ಗೇರ್ 300 ಎಲ್‌ಎಸ್‌ನಂಥ ಸಿಂಥೆಟಿಕ್ ಎಣ್ಣೆ ಬೇಗ ಕೆಡುವುದಿಲ್ಲ. ಆದ್ದರಿಂದ ಗೊಣಗುತ್ತಲೇ ಮುಂದಿನ ಸಲಕ್ಕೂ ಇದನ್ನೇ ತರಿಸಿಟ್ಟಿದ್ದೇನೆ.